ರಾಜಕೀಯ ಪಕ್ಷಗಳೂ ನಾಡಿನ ಏಳಿಗೆಯೂ

ಒಂದು ನಾಡಿನ ಸಿರಿವಂತಿಕೆಯು ಅದರ ನೆಲದ ಸಾರ, ನದಿಗಳ ನೀರು, ಗಣಿಗಳ ಅದಿರು ಮತ್ತು ಜನರ ದುಡಿಮೆಯನ್ನು ಅವಲಂಬಿಸಿದೆ ಎಂದು ಹೇಳುವುದುಂಟು. ಈ ಮಾತು ನಿಜವೇ ಆದರೂ ಪೂರ್ಣ ಸತ್ಯವಲ್ಲ. ನೆಲ ಫಲವತ್ತಾಗಿದ್ದರೂ ಅದನ್ನು ಉಳುವವನು ಬಡವನಾಗಿರಬಹುದು. ನದಿ ತುಂಬಿ ಹರಿಯುತ್ತಿದ್ದರೂ ಅದರ ದಡದ ಹೊಲ ಒಣಗಿರಬಹುದು. ಬ್ಯಾಂಕಿನಲ್ಲಿ ಹಣವಿದ್ದರೂ ಬೇಸಾಯಗಾರನಿಗೆ ಸಾಲ ಸಿಗದಿರಬಹುದು. ಇರುವ ಸಂಪತ್ತು ಯಾರಿಗೆ, ಯಾವ ನಿಯಮದಂತೆ, ಯಾವ ಕೆಲಸಕ್ಕೆ ಸಲ್ಲಬೇಕು ಎಂಬುದನ್ನು ಮನುಷ್ಯರೇ ನಿರ್ಧರಿಸಬೇಕು. ಪ್ರಜಾಪ್ರಭುತ್ವದಲ್ಲಿ ಈ ನಿರ್ಧಾರವು ಜನರು ಆರಿಸಿದ ಶಾಸನಸಭೆಗಳಲ್ಲಿ ಆಗುತ್ತದೆ. ಆ ಸಭೆಗಳಿಗೆ ಜನರ ಬೇಡಿಕೆಗಳನ್ನು ಹೊತ್ತೊಯ್ಯುವ ಸಂಸ್ಥೆಯೇ ರಾಜಕೀಯ ಪಕ್ಷ.

ಭಾರತದ ಸಂವಿಧಾನವು 1950ರಲ್ಲಿ ಜಾರಿಗೆ ಬಂದಾಗ ಅದರಲ್ಲಿ ರಾಜಕೀಯ ಪಕ್ಷಗಳ ಪ್ರಸ್ತಾಪವೇ ಇರಲಿಲ್ಲ. 1985ರಲ್ಲಿ ಪಕ್ಷಾಂತರವನ್ನು ತಡೆಯುವ ತಿದ್ದುಪಡಿಯಾದಾಗ ಅವುಗಳಿಗೆ ಅಲ್ಲಿ ಸ್ಥಾನ ದೊರೆಯಿತು. ಆದರೂ ಮೊದಲ ಮಹಾಚುನಾವಣೆಯಿಂದಲೇ ದೇಶದ ಆಡಳಿತವು ಪಕ್ಷಗಳ ಮೂಲಕವೇ ನಡೆದುಬಂದಿದೆ. ಕೋಟ್ಯಂತರ ಜನರ ಬೇಡಿಕೆಗಳು ಒಂದೇ ಬಗೆಯವಾಗಿರುವುದಿಲ್ಲ. ರೈತನಿಗೆ ಬೆಳೆಯ ಬೆಲೆ ಏರಬೇಕು. ಪಟ್ಟಣದ ಕೂಲಿಕಾರನಿಗೆ ಅಕ್ಕಿಯ ಬೆಲೆ ಇಳಿಯಬೇಕು. ಇಂತಹ ಪರಸ್ಪರ ವಿರುದ್ಧವಾದ ಬೇಡಿಕೆಗಳನ್ನು ಒಟ್ಟುಗೂಡಿಸಿ, ಯಾವುದು ಮೊದಲು, ಯಾವುದು ಅನಂತರ ಎಂದು ಕ್ರಮಗೊಳಿಸಿ, ಪ್ರಣಾಳಿಕೆಯ ರೂಪದಲ್ಲಿ ಜನರ ಮುಂದಿಡುವುದು ಪಕ್ಷದ ಮೊದಲ ಕೆಲಸ. ಗೆದ್ದ ಪಕ್ಷವು ಕಾಯಿದೆ ಮತ್ತು ಆಯವ್ಯಯಗಳ ಮೂಲಕ ಅದನ್ನು ಕಾರ್ಯರೂಪಕ್ಕೆ ತರಬೇಕು. ಸೋತ ಪಕ್ಷವು ಪ್ರಶ್ನೆ ಕೇಳಬೇಕು, ಲೆಕ್ಕ ಕೇಳಬೇಕು, ಬೇರೊಂದು ದಾರಿಯನ್ನು ತೋರಿಸಬೇಕು.

ಸ್ವಾತಂತ್ರ್ಯ ಬರುವುದಕ್ಕೆ ಮುಂಚೆಯೇ ಭಾರತದ ಪಕ್ಷಗಳು ಆರ್ಥಿಕ ವಿಷಯಗಳನ್ನು ಕುರಿತು ಚಿಂತಿಸಲಾರಂಭಿಸಿದ್ದುವು. 1931ರಲ್ಲಿ ಕರಾಚಿಯಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನವು ಕಾರ್ಮಿಕರಿಗೆ ಬದುಕಲು ಸಾಕಾಗುವಷ್ಟು ಕೂಲಿ, ರೈತರಿಗೆ ಕಂದಾಯದ ಇಳಿತ, ಮುಖ್ಯ ಕೈಗಾರಿಕೆಗಳ ಮೇಲೆ ರಾಷ್ಟ್ರದ ಹತೋಟಿ ಮುಂತಾದವು ಆಗಬೇಕೆಂದು ನಿರ್ಣಯಿಸಿತು. 1934ರಲ್ಲಿ, ಪಕ್ಷರಾಜಕಾರಣದಿಂದ ದೂರವಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಏಕೆ ಬೇಕೆಂಬುದನ್ನು ವಿವರಿಸುವ ಗ್ರಂಥವೊಂದನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ನಾಲ್ಕು ವರ್ಷಗಳ ತರುವಾಯ ಸುಭಾಷಚಂದ್ರ ಬೋಸರು ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದಾಗ ರಾಷ್ಟ್ರೀಯ ಯೋಜನಾ ಸಮಿತಿಯು ರೂಪುಗೊಂಡಿತು. ಜವಾಹರಲಾಲ್ ನೆಹರೂ ಅದರ ಅಧ್ಯಕ್ಷರಾದರು. 1950ರಲ್ಲಿ ಸ್ಥಾಪನೆಯಾದ ಯೋಜನಾ ಆಯೋಗಕ್ಕೂ 1951ರಲ್ಲಿ ಆರಂಭವಾದ ಮೊದಲನೆಯ ಪಂಚವಾರ್ಷಿಕ ಯೋಜನೆಗೂ ಇಲ್ಲಿಯೇ ಪೂರ್ವಸಿದ್ಧತೆ ನಡೆದಿದ್ದಿತು. ವಿದ್ವಾಂಸರು ಬರೆದ ವಿಚಾರಕ್ಕೆ ಜನಬಲವುಳ್ಳ ಸಂಸ್ಥೆಯೊಂದರ ಒಪ್ಪಿಗೆ ದೊರೆತಾಗಲೇ ಅದು ಕಾರ್ಯರೂಪದ ಹಾದಿಯನ್ನು ಹಿಡಿಯುತ್ತದೆ.

1955ರ ಜನವರಿಯಲ್ಲಿ ಆವಡಿಯಲ್ಲಿ ಕೂಡಿದ ಕಾಂಗ್ರೆಸ್ ಅಧಿವೇಶನವು ಸಮಾಜವಾದೀ ಮಾದರಿಯ ಸಮಾಜ ರಚನೆಯೇ ತನ್ನ ಗುರಿ ಎಂದು ಸಾರಿತು. ಮರುವರ್ಷದ ಕೈಗಾರಿಕಾ ನೀತಿಯು ಭಾರಿ ಕೈಗಾರಿಕೆಗಳನ್ನು ಹೆಚ್ಚಾಗಿ ಸರಕಾರದ ಕೈಯಲ್ಲಿಯೇ ಇರಿಸಿತು. ಅಷ್ಟರಲ್ಲಿ ಬೆಂಗಳೂರಿನಲ್ಲಿ ವಿಮಾನ, ದೂರವಾಣಿ ಉಪಕರಣ, ಯಂತ್ರೋಪಕರಣ, ವಿದ್ಯುನ್ಮಾನ ಸಾಮಗ್ರಿಗಳನ್ನು ತಯಾರಿಸುವ ಸರಕಾರಿ ಕಾರ್ಖಾನೆಗಳು ನೆಲೆಗೊಂಡಿದ್ದುವು. ಸಾವಿರಾರು ಮಂದಿ ಕುಶಲ ಕೆಲಸಗಾರರೂ ಎಂಜಿನಿಯರುಗಳೂ ಅಲ್ಲಿ ತಯಾರಾದರು. ಈ ನೀತಿಯನ್ನು ಎಲ್ಲರೂ ಒಪ್ಪಲಿಲ್ಲ. 1959ರಲ್ಲಿ ಸಿ. ರಾಜಗೋಪಾಲಾಚಾರಿಯವರ ಮುಂದಾಳುತನದಲ್ಲಿ ಸ್ವತಂತ್ರ ಪಕ್ಷವು ಹುಟ್ಟಿಕೊಂಡಿತು. ಎಲ್ಲದಕ್ಕೂ ಸರಕಾರದ ಪರವಾನಗಿ ಬೇಕೆಂದರೆ ಉದ್ಯಮಶೀಲತೆ ಕುಗ್ಗುತ್ತದೆ, ಅಧಿಕಾರಿಗಳ ಕೈಯಲ್ಲಿ ಅತಿಯಾದ ಅಧಿಕಾರ ಸೇರುತ್ತದೆ ಎಂಬುದು ಅದರ ವಾದ. 1967ರಲ್ಲಿ ಅದು ಲೋಕಸಭೆಯ ಅತಿ ದೊಡ್ಡ ವಿರೋಧ ಪಕ್ಷವಾಯಿತು. ಅದೇ ವರ್ಷ ಆ ಪಕ್ಷದ ಎಂ. ಆರ್. ಮಸಾನಿಯವರು ಸರಕಾರದ ವೆಚ್ಚವನ್ನು ಪರಿಶೀಲಿಸುವ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಅಧ್ಯಕ್ಷರಾದರು. ವಿರೋಧ ಪಕ್ಷದ ಸದಸ್ಯರೊಬ್ಬರಿಗೆ ಆ ಸ್ಥಾನ ದೊರೆತದ್ದು ಅದೇ ಮೊದಲು. ಖರ್ಚು ಮಾಡುವವನೂ ಲೆಕ್ಕ ನೋಡುವವನೂ ಒಬ್ಬನೇ ಆಗಿರಬಾರದೆಂಬ ತತ್ತ್ವಕ್ಕೆ ಇದರಿಂದ ಬಲ ಬಂದಿತು.

ಪಕ್ಷಗಳ ವಾದವಿವಾದಗಳು ದೆಹಲಿಯ ಸಭಾಂಗಣಗಳಲ್ಲಿಯೇ ಮುಗಿದುಹೋಗುವುದಿಲ್ಲ. ಅವುಗಳ ಪರಿಣಾಮವು ಒಬ್ಬ ಬಡ ಬೇಸಾಯಗಾರನ ಕಣದವರೆಗೆ ಹೇಗೆ ತಲುಪುತ್ತದೆ ಎಂಬುದಕ್ಕೆ ಕರ್ನಾಟಕದ ಚರಿತ್ರೆಯಲ್ಲಿಯೇ ಒಂದು ನಿದರ್ಶನವಿದೆ.

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ ಕಾಗೋಡು ಎಂಬ ಚಿಕ್ಕ ಊರಿದೆ. ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ ಅಲ್ಲಿಯ ಗದ್ದೆಗಳು ಭೂಮಾಲೀಕರ ಒಡೆತನದಲ್ಲಿದ್ದುವು; ಅವುಗಳನ್ನು ಉತ್ತು ಬಿತ್ತಿ ಭತ್ತ ಬೆಳೆಯುತ್ತಿದ್ದವರು ಗೇಣಿದಾರರು. ಒಡೆಯನ ಭೂಮಿಯನ್ನು ಸಾಗುವಳಿ ಮಾಡುವುದಕ್ಕಾಗಿ ರೈತನು ವರ್ಷವರ್ಷವೂ ತೆರಬೇಕಾದ ಧಾನ್ಯಕ್ಕೆ ಅಥವಾ ಹಣಕ್ಕೆ ಗೇಣಿ ಎಂದು ಹೆಸರು. ಭತ್ತವನ್ನು ಅಳೆಯುವ ಸಾಧನವೇ ಕೊಳಗ. ಗೇಣಿಯ ಭತ್ತವನ್ನು ಅಳೆದುಕೊಳ್ಳುವಾಗ ಒಡೆಯರು ಬಳಕೆಯ ಅಳತೆಗಿಂತ ದೊಡ್ಡದಾದ ಕೊಳಗವನ್ನು ಉಪಯೋಗಿಸುತ್ತಾರೆ ಎಂಬುದು ಗೇಣಿದಾರರ ದೂರಾಗಿದ್ದಿತು. ಕೊಳಗದ ಗಾತ್ರ ಹಿರಿದಾದರೆ ಬಾಯಿಲೆಕ್ಕದಲ್ಲಿ ಗೇಣಿ ಏರಿದಂತೆ ಕಾಣುವುದಿಲ್ಲ. ಆದರೆ ಕಣದಲ್ಲಿ ರೈತನ ಪಾಲಿಗೆ ಉಳಿಯುವ ರಾಶಿ ಕಿರಿದಾಗುತ್ತದೆ. ವರ್ಷವಿಡೀ ಮಳೆ, ಕೆಸರು, ಚಳಿಯೆನ್ನದೆ ದುಡಿದವನು ಬೇಸಗೆಯ ಹೊತ್ತಿಗೆ ಉಣ್ಣುವ ಕಾಳಿಗಾಗಿ ಮತ್ತೆ ಒಡೆಯನ ಬಾಗಿಲಿಗೇ ಹೋಗಬೇಕಾಗುತ್ತಿತ್ತು.

ಈ ಅಳತೆಯ ವಿವಾದವು 1951ರಲ್ಲಿ ಚಳವಳಿಯಾಗಿ ಬೆಳೆಯಿತು. ಗೇಣಿದಾರರು ಎಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ ರೈತ ಸಂಘದ ಅಡಿಯಲ್ಲಿ ಒಂದುಗೂಡಿದರು. ಭೂಮಿಯನ್ನು ಉಳಲು ತಮಗೆ ಅವಕಾಶವಿಲ್ಲವಾದಾಗ ಅವರು ಸತ್ಯಾಗ್ರಹದ ಮಾರ್ಗವನ್ನು ಹಿಡಿದು, ನೇಗಿಲು ಹೊತ್ತು ಗದ್ದೆಗಿಳಿದು ಬಂಧನಕ್ಕೊಳಗಾದರು. ಸಮಾಜವಾದಿ ಪಕ್ಷವು ಅವರ ಬೆಂಬಲಕ್ಕೆ ನಿಂತಿತು. ತರುಣ ನಾಯಕ ಶಾಂತವೇರಿ ಗೋಪಾಲಗೌಡರು ಚಳವಳಿಯಲ್ಲಿ ಮುಂದಾದರು. ಪಕ್ಷದ ರಾಷ್ಟ್ರೀಯ ನಾಯಕ ಡಾ. ರಾಮಮನೋಹರ ಲೋಹಿಯಾ ಅವರು ಸಾಗರಕ್ಕೆ ಬಂದು ಸತ್ಯಾಗ್ರಹದಲ್ಲಿ ಪಾಲ್ಗೊಂಡು ಬಂಧಿತರಾದರು. ಒಂದು ಹಳ್ಳಿಯ ಕೊಳಗದ ಜಗಳವು ಹೀಗೆ ನಾಡಿನ ಪ್ರಶ್ನೆಯಾಯಿತು. ಗೇಣಿದಾರರು ಕೊಳಗದ ಅಳತೆಯನ್ನು ಸರಿಪಡಿಸಬೇಕೆಂದು ಕೇಳಿದ್ದರು; ಪಕ್ಷವು ಆ ಮಾತಿನ ಹಿಂದಿದ್ದ ಭೂಮಿಯ ಒಡೆತನದ ಪ್ರಶ್ನೆಯನ್ನೇ ಎತ್ತಿತು. ಉಳುವವನೇ ಹೊಲದೊಡೆಯನಾಗಬೇಕು ಎಂಬ ಘೋಷಣೆಯು ಊರೂರಿಗೆ ಹಬ್ಬಿತು.

ಚಳವಳಿಯು ಆ ಕೂಡಲೇ ಗೆಲುವನ್ನು ತಂದುಕೊಡಲಿಲ್ಲ. ಆದರೆ ಮರುವರ್ಷದ ಚುನಾವಣೆಯಲ್ಲಿ ಗೋಪಾಲಗೌಡರು ಶಾಸನಸಭೆಗೆ ಆರಿಸಿಬಂದರು. ಅವರ ಪಕ್ಷವು ರಾಜ್ಯದಲ್ಲಿ ಎಂದೂ ಸರಕಾರ ರಚಿಸಲಿಲ್ಲ. ಸಭೆಯಲ್ಲಿ ಅದರ ಬಲ ಚಿಕ್ಕದಾಗಿಯೇ ಉಳಿಯಿತು. ಆದರೂ ಗೇಣಿದಾರರ ಪ್ರಶ್ನೆಯನ್ನು ಮರೆಯಲು ಅವರು ಯಾರಿಗೂ ಎಡೆಗೊಡಲಿಲ್ಲ. 1952ರಲ್ಲಿ ಮೈಸೂರು ರಾಜ್ಯದಲ್ಲಿ ಗೇಣಿ ಕಾಯಿದೆಯೊಂದು ಬಂದಿತು. 1956ರಲ್ಲಿ ಕನ್ನಡ ಮಾತನಾಡುವ ಪ್ರದೇಶಗಳು ಒಂದುಗೂಡಿದಾಗ, ಬೇರೆ ಬೇರೆ ಭಾಗಗಳಲ್ಲಿದ್ದ ಬೇರೆ ಬೇರೆ ಕಾಯಿದೆಗಳನ್ನು ಹೊಂದಿಸುವ ಕೆಲಸ ಸರಕಾರದ ಮೇಲೆ ಬಿದ್ದಿತು. ಬಿ. ಡಿ. ಜತ್ತಿಯವರ ಅಧ್ಯಕ್ಷತೆಯ ಸಮಿತಿಯು ಈ ವಿಷಯವನ್ನು ಪರಿಶೀಲಿಸಿತು. 1961ರ ಭೂಸುಧಾರಣಾ ಕಾಯಿದೆಯು ಇದರ ಫಲ. ಅದು ಜಾರಿಗೆ ಬಂದದ್ದು 1965ರಲ್ಲಿ. ಆದರೆ ಸ್ವಂತ ಸಾಗುವಳಿಗೆ ಬೇಕೆಂದು ಹೇಳಿ ಭೂಮಿಯನ್ನು ಹಿಂದಕ್ಕೆ ಪಡೆಯಲು ಆ ಕಾಯಿದೆಯು ಒಡೆಯನಿಗೆ ಅವಕಾಶ ಕೊಟ್ಟಿದ್ದಿತು. ಲಿಖಿತ ಕರಾರಿಲ್ಲದೆ ತಲೆಮಾರುಗಳಿಂದ ಉಳುತ್ತಿದ್ದವನಿಗೆ ತಾನು ಗೇಣಿದಾರನೆಂದು ತೋರಿಸಿಕೊಡುವುದೇ ಕಷ್ಟವಾಯಿತು.

1972ರಲ್ಲಿ ಡಿ. ದೇವರಾಜ ಅರಸು ಅವರ ನಾಯಕತ್ವದ ಕಾಂಗ್ರೆಸ್ ಸರಕಾರವು ಅಧಿಕಾರಕ್ಕೆ ಬಂದಿತು. ಅದು ಆ ಕಾಯಿದೆಗೆ ತಂದ ತಿದ್ದುಪಡಿಯು 1974ರ ಮಾರ್ಚ್ 1ರಂದು ಜಾರಿಗೆ ಬಂದಿತು. ಗೇಣಿಯ ಮೇಲೆ ಸಾಗುವಳಿಯಾಗುತ್ತಿದ್ದ ಭೂಮಿಯು ಅಂದು ಸರಕಾರದಲ್ಲಿ ನಿಹಿತವಾಯಿತು; ಅದನ್ನು ಉಳುತ್ತಿದ್ದವನು ಒಡೆತನಕ್ಕಾಗಿ ಅರ್ಜಿ ಸಲ್ಲಿಸಬೇಕಾಗಿದ್ದಿತು. ಅರ್ಜಿಗಳ ವಿಚಾರಣೆಗೆ ಭೂ ನ್ಯಾಯಮಂಡಲಿಗಳು ಏರ್ಪಟ್ಟುವು. ಅವುಗಳಲ್ಲಿ ಅಧಿಕಾರಿಯೊಬ್ಬರ ಜೊತೆಗೆ ಅಧಿಕಾರಿಗಳಲ್ಲದ ಸದಸ್ಯರೂ ಇರುತ್ತಿದ್ದರು. ಪರಿಶಿಷ್ಟ ಜಾತಿ ಅಥವಾ ಪರಿಶಿಷ್ಟ ಪಂಗಡದವರಿಗೂ ಸ್ಥಾನವಿದ್ದಿತು. ಕಾಗದಪತ್ರವಿಲ್ಲದವನ ಪರವಾಗಿ ಅಕ್ಕಪಕ್ಕದ ಹೊಲದವರ ಸಾಕ್ಷ್ಯ ಸಲ್ಲತೊಡಗಿತು. ಲಕ್ಷಗಟ್ಟಲೆ ಅರ್ಜಿಗಳು ಬಂದುವು. ಲಕ್ಷಗಟ್ಟಲೆ ಕುಟುಂಬಗಳು ತಾವು ಉಳುತ್ತಿದ್ದ ನೆಲಕ್ಕೆ ಒಡೆಯರಾದುವು. ಗೋಪಾಲಗೌಡರು ಇದನ್ನು ಕಣ್ಣಾರೆ ಕಾಣಲಿಲ್ಲ. ಅವರು 1972ರ ಜೂನ್ ತಿಂಗಳಲ್ಲಿಯೇ ತೀರಿಕೊಂಡಿದ್ದರು. ಒಂದು ಪಕ್ಷ ಬಿತ್ತಿದ ಬೀಜವು ಇಪ್ಪತ್ತಮೂರು ವರ್ಷಗಳ ಅನಂತರ ಇನ್ನೊಂದು ಪಕ್ಷದ ಕೈಯಲ್ಲಿ ಫಲ ಕೊಟ್ಟಿತು.

ಒಡೆತನ ಬದಲಾದರೆ ಆರ್ಥಿಕ ಪ್ರಗತಿ ಹೇಗಾಗುತ್ತದೆ ಎಂಬ ಪ್ರಶ್ನೆ ಇಲ್ಲಿ ಸಹಜ. ಗೇಣಿದಾರನು ಗದ್ದೆಗೆ ಗೊಬ್ಬರ ಹಾಕಿ ಇಳುವರಿ ಹೆಚ್ಚಿಸಿದರೆ ಗೇಣಿಯೂ ಹೆಚ್ಚಬಹುದಾಗಿದ್ದಿತು. ಬಾವಿ ತೋಡಿದರೆ ಆ ಬಾವಿ ಒಡೆಯನದೇ ಆಗುತ್ತಿತ್ತು. ಅಡಕೆ, ತೆಂಗುಗಳಂತಹ ಗಿಡಗಳು ಫಲ ಕೊಡುವುದಕ್ಕೆ ಹಲವು ವರ್ಷಗಳು ಬೇಕು. ಮುಂದಿನ ವರ್ಷ ತಾನು ಅದೇ ನೆಲದಲ್ಲಿರುವೆನೆಂಬ ನಂಬಿಕೆ ಇಲ್ಲದವನು ಅವುಗಳನ್ನು ನೆಡುವುದಿಲ್ಲ. ನೆಲ ತನ್ನದಾದಾಗ ದುಡಿಮೆಯ ಫಲವೂ ತನ್ನದೇ ಎಂಬ ಭರವಸೆ ಮೂಡುತ್ತದೆ. ಪಹಣಿಯಲ್ಲಿ ತನ್ನ ಹೆಸರಿದ್ದರೆ ಬ್ಯಾಂಕಿನಲ್ಲಿ ಸಾಲ ಕೇಳಬಹುದು. ಉಳಿತಾಯವಾದರೆ ಮಕ್ಕಳನ್ನು ಓದಿಸಬಹುದು. ಕಾಯಿದೆಯ ಪುಸ್ತಕದಲ್ಲಿ ಒಂದು ವಾಕ್ಯ ಬದಲಾದುದರಿಂದ ಮನೆಯೊಂದರ ಮುಂದಿನ ತಲೆಮಾರಿನ ಬದುಕೇ ಬದಲಾಗುವುದುಂಟು.

ಆದರೆ ಈ ಸುಧಾರಣೆಗೆ ಮಿತಿಗಳಿದ್ದುವೆಂಬುದನ್ನೂ ತಿಳಿಯಬೇಕು. ಗೇಣಿ ಪದ್ಧತಿ ಹೆಚ್ಚಾಗಿದ್ದ ಕರಾವಳಿ ಮತ್ತು ಮಲೆನಾಡಿನ ಜಿಲ್ಲೆಗಳಿಗೆ ಅದರ ಲಾಭ ಹೆಚ್ಚಾಗಿ ದೊರೆಯಿತು. ಬಯಲುಸೀಮೆಯ ಭೂಹೀನ ಕೂಲಿಕಾರನು ಗೇಣಿದಾರನಾಗಿರಲಿಲ್ಲ. ಆದುದರಿಂದ ಅವನಿಗೆ ಭೂಮಿ ಬರಲಿಲ್ಲ. ಗೇಣಿಯೊಂದನ್ನೇ ನಂಬಿ ಬದುಕುತ್ತಿದ್ದ ಸಣ್ಣ ಹಿಡುವಳಿಯ ವಿಧವೆಯರೂ ವೃದ್ಧರೂ ಕಷ್ಟಕ್ಕೆ ಸಿಲುಕಿದರು. ಕಾಲ ಕಳೆದಂತೆ ಕಾಯಿದೆಯೂ ಬದಲಾಯಿತು. ಬೇಸಾಯಗಾರರಲ್ಲದವರು ಕೃಷಿಭೂಮಿಯನ್ನು ಕೊಳ್ಳುವುದಕ್ಕೆ ಇದ್ದ ನಿರ್ಬಂಧವನ್ನು ಭಾರತೀಯ ಜನತಾ ಪಕ್ಷದ ಸರಕಾರವು 2020ರಲ್ಲಿ ತೆಗೆದುಹಾಕಿತು. ಇದರಿಂದ ಕೃಷಿಗೆ ಬಂಡವಾಳ ಬರುತ್ತದೆ, ರೈತನಿಗೆ ಒಳ್ಳೆಯ ಬೆಲೆ ಸಿಗುತ್ತದೆ ಎಂದು ಬೆಂಬಲಿಗರು ವಾದಿಸಿದರು. ಭೂಮಿಯು ಉಳುವವನ ಕೈತಪ್ಪಿ ಹಣವಂತರ ಪಾಲಾಗುತ್ತದೆ ಎಂದು ವಿರೋಧಿಗಳು ಹೇಳಿದರು. ಭೂಮಿಯ ಪ್ರಶ್ನೆಗೆ ಒಂದೇ ಸಲ ಕೊನೆಯ ಉತ್ತರ ಸಿಕ್ಕಿಬಿಡುವುದಿಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ.

ಭೂಮಿಯಂತೆಯೇ ಹಣದ ವಿಷಯದಲ್ಲಿಯೂ ಪಕ್ಷಗಳ ತೀರ್ಮಾನಗಳು ಪರಿಣಾಮ ಬೀರಿದುವು. 1969ರ ಜುಲೈ 19ರಂದು ಇಂದಿರಾ ಗಾಂಧಿಯವರ ಸರಕಾರವು 14 ದೊಡ್ಡ ಬ್ಯಾಂಕುಗಳನ್ನು ರಾಷ್ಟ್ರೀಕರಣಗೊಳಿಸಿತು. ಕರ್ನಾಟಕದ ಕರಾವಳಿಯಲ್ಲಿ ಹುಟ್ಟಿ ಬೆಳೆದ ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕುಗಳೂ ಅವುಗಳಲ್ಲಿದ್ದುವು. ಬ್ಯಾಂಕುಗಳ ಮೇಲೆ ಸಾಮಾಜಿಕ ನಿಯಂತ್ರಣವಿದ್ದರೆ ಸಾಕು ಎಂಬವರಿಗೂ ರಾಷ್ಟ್ರೀಕರಣವೇ ಆಗಬೇಕು ಎಂಬವರಿಗೂ ಆಳುವ ಪಕ್ಷದೊಳಗೇ ಭಿನ್ನಾಭಿಪ್ರಾಯವಿದ್ದಿತು. ಆ ವರ್ಷದ ಕೊನೆಯ ಹೊತ್ತಿಗೆ ಪಕ್ಷವೇ ಎರಡಾಗಿ ಒಡೆಯಿತು. ಅಧಿಕಾರದ ಪೈಪೋಟಿಯೂ ಆರ್ಥಿಕ ನೀತಿಯೂ ಎಷ್ಟು ಹೆಣೆದುಕೊಂಡಿರುತ್ತವೆ ಎಂಬುದನ್ನು ಇದು ತೋರಿಸುತ್ತದೆ. ರಾಷ್ಟ್ರೀಕರಣದ ಕಾಲಕ್ಕೆ ದೇಶದಲ್ಲಿ ಎಂಟು ಸಾವಿರಕ್ಕೆ ತುಸು ಹೆಚ್ಚು ಬ್ಯಾಂಕ್ ಶಾಖೆಗಳಿದ್ದುವು. 1990ರ ವೇಳೆಗೆ ಅವುಗಳ ಸಂಖ್ಯೆ ಸುಮಾರು 60 ಸಾವಿರಕ್ಕೆ ಏರಿತು. ಹೊಸ ಶಾಖೆಗಳಲ್ಲಿ ಬಹುಪಾಲು ಹಳ್ಳಿಗಳಲ್ಲಿ ತೆರೆದುವು. 1974ರಲ್ಲಿ ನೆಲದ ಒಡೆಯನಾದ ರೈತನಿಗೆ ಲೇವಾದೇವಿಗಾರನ ಮನೆಯಲ್ಲದೆ ಬೇರೊಂದು ಬಾಗಿಲೂ ಕಾಣಿಸಿತು. ಸರಕಾರದ ಒಂದು ಕಾರ್ಯಕ್ರಮವು ಇನ್ನೊಂದಕ್ಕೆ ಆಸರೆಯಾಗುವುದು ಹೀಗೆ.

ಅದೇ ಬ್ಯಾಂಕುಗಳು ರಾಜಕೀಯದ ಒತ್ತಡಕ್ಕೂ ಸಿಲುಕಿದುವು. ಮರುಪಾವತಿಯಾಗುವುದೇ ಇಲ್ಲವೇ ಎಂದು ನೋಡದೆ ಸಾಲ ಹಂಚಿದ ಸಂದರ್ಭಗಳುಂಟು. 1990ರಲ್ಲಿ ರಾಷ್ಟ್ರೀಯ ರಂಗದ ಸರಕಾರವು ರೈತರ 10,000 ರೂಪಾಯಿಗಳವರೆಗಿನ ಬಾಕಿ ಸಾಲಕ್ಕೆ ಮನ್ನಾ ಘೋಷಿಸಿತು. ಬರದಿಂದ ಬಸವಳಿದ ರೈತನಿಗೆ ಅದು ಉಸಿರು ಕೊಟ್ಟಿತು. ಆದರೆ ಹೊಟ್ಟೆ ಬಟ್ಟೆ ಕಟ್ಟಿ ಸಾಲ ತೀರಿಸಿದ್ದವನಿಗೆ ಅದರಿಂದ ಏನೂ ದೊರೆಯಲಿಲ್ಲ. ಸಾಲ ತೀರಿಸದಿದ್ದರೂ ನಡೆಯುತ್ತದೆ ಎಂಬ ಭಾವನೆಗೂ ಎಡೆಯಾಯಿತು. ಒಂದೇ ಕ್ರಮದಲ್ಲಿ ಉಪಕಾರವೂ ಅಪಾಯವೂ ಕೂಡಿರಬಹುದೆಂಬುದನ್ನು ನಾಗರಿಕರು ಗಮನಿಸಬೇಕು.

ಆಪತ್ಕಾಲದಲ್ಲಿ ಪಕ್ಷಗಳು ತಮ್ಮ ಹಳೆಯ ನಿಲುವನ್ನೇ ಬದಲಿಸಬೇಕಾಗಿ ಬರುವುದುಂಟು. 1991ರಲ್ಲಿ ಭಾರತದ ವಿದೇಶೀ ವಿನಿಮಯವು ಕೆಲವೇ ವಾರಗಳ ಆಮದಿಗೆ ಸಾಲುವಷ್ಟು ಇಳಿದುಹೋಯಿತು. ಪೆಟ್ರೋಲು, ಗೊಬ್ಬರ ಮುಂತಾದ ಅಗತ್ಯ ವಸ್ತುಗಳನ್ನು ತರಿಸಲು ಹಣವಿಲ್ಲದಂತಾಗುವ ಭಯ ತಲೆದೋರಿತು. ಚಂದ್ರಶೇಖರ್ ಅವರ ಸರಕಾರವಿದ್ದಾಗ 20 ಟನ್ ಚಿನ್ನವನ್ನು ವಿದೇಶಕ್ಕೆ ಕಳುಹಿಸಿ ಹಣ ಪಡೆಯಲಾಯಿತು. ಚುನಾವಣೆಯ ಅನಂತರ ಇನ್ನೂ ಸುಮಾರು 47 ಟನ್ ಚಿನ್ನವನ್ನು ಅಡವಿಡಲಾಯಿತು. ಪಿ. ವಿ. ನರಸಿಂಹರಾವ್ ಅವರ ಸರಕಾರಕ್ಕೆ ಲೋಕಸಭೆಯಲ್ಲಿ ಬಹುಮತವಿರಲಿಲ್ಲ. ಆದರೂ ಅರ್ಥಮಂತ್ರಿ ಡಾ. ಮನಮೋಹನ ಸಿಂಗ್ ಅವರೊಡನೆ ಅದು ರೂಪಾಯಿಯ ಮೌಲ್ಯವನ್ನು ಇಳಿಸಿತು; ಹೆಚ್ಚಿನ ಕೈಗಾರಿಕೆಗಳಿಗೆ ಪರವಾನಗಿಯ ಕಟ್ಟನ್ನು ಸಡಿಲಿಸಿತು; ವಿದೇಶೀ ಬಂಡವಾಳಕ್ಕೆ ಬಾಗಿಲು ತೆರೆಯಿತು. ಸ್ವತಂತ್ರ ಪಕ್ಷವು ಎಂದೋ ಹೇಳಿದ್ದ ಮಾತುಗಳಲ್ಲಿ ಕೆಲವನ್ನು, ಆ ಪಕ್ಷವೇ ಇಲ್ಲವಾದ ಮೇಲೆ, ಅದರ ಎದುರಾಳಿಯಾಗಿದ್ದ ಪಕ್ಷವೇ ನಡೆಸಿಕೊಟ್ಟಂತಾಯಿತು.

1996ರಲ್ಲಿ ಕರ್ನಾಟಕದ ಎಚ್. ಡಿ. ದೇವೇಗೌಡರು ಪ್ರಧಾನಮಂತ್ರಿಗಳಾಗಿ ಸಂಯುಕ್ತ ರಂಗದ ಸರಕಾರ ಬಂದಿತು. 1998ರಲ್ಲಿ ಅಟಲ್ ಬಿಹಾರಿ ವಾಜಪೇಯಿಯವರ ಸರಕಾರ ಬಂದಿತು. ವೇಗದಲ್ಲಿ ಹೆಚ್ಚು ಕಡಿಮೆಯಾದರೂ ದಾರಿ ಹಿಂದಕ್ಕೆ ತಿರುಗಲಿಲ್ಲ. ಸರಕು ಮತ್ತು ಸೇವಾ ತೆರಿಗೆಯ ವಿಷಯವೂ ಹೀಗೆಯೇ. ಅದಕ್ಕೆ ಬೇಕಾದ ಸಂವಿಧಾನ ತಿದ್ದುಪಡಿ ಮಸೂದೆಯನ್ನು 2011ರಲ್ಲಿ ಒಂದು ಮೈತ್ರಿಕೂಟದ ಸರಕಾರವು ಮಂಡಿಸಿತ್ತು, ಅದು ಅಂಗೀಕಾರವಾಗಲಿಲ್ಲ. ಅನಂತರ ಬಂದ ಮತ್ತೊಂದು ಮೈತ್ರಿಕೂಟದ ಸರಕಾರವು ಹೊಸ ಮಸೂದೆಯನ್ನು ತಂದು 2017ರ ಜುಲೈ 1ರಂದು ತೆರಿಗೆಯನ್ನು ಜಾರಿಗೊಳಿಸಿತು. ಹೊಸ ಆರ್ಥಿಕ ನೀತಿಯಿಂದ ಬೆಂಗಳೂರಿನಂತಹ ನಗರಗಳಲ್ಲಿ ಹೊಸ ಉದ್ಯಮಗಳು ಬೆಳೆದುವು. ಸರಕಾರಿ ಕಾರ್ಖಾನೆಗಳಲ್ಲಿ ಕೆಲವು ಪೈಪೋಟಿಯನ್ನು ತಾಳಲಾರದೆ ಸೊರಗಿದುವು. 1961ರಿಂದ ಮನೆಮನೆಗೆ ಕೈಗಡಿಯಾರವನ್ನು ಒದಗಿಸಿದ ಎಚ್.ಎಂ.ಟಿ.ಯ ಗಡಿಯಾರ ವಿಭಾಗವನ್ನು ಮುಚ್ಚಲು 2016ರಲ್ಲಿ ತೀರ್ಮಾನವಾಯಿತು. ಏಳಿಗೆಯ ಲೆಕ್ಕದಲ್ಲಿ ಗಳಿಕೆಯ ಜೊತೆಗೆ ಇಂತಹ ನಷ್ಟವನ್ನೂ ಬರೆಯಬೇಕಾಗುತ್ತದೆ.

ಕಾರ್ಖಾನೆ, ಬ್ಯಾಂಕು, ತೆರಿಗೆಗಳಷ್ಟೇ ಆರ್ಥಿಕ ಪ್ರಗತಿಯ ಸಾಧನಗಳಲ್ಲ. ಹಸಿದ ಮಗು ಕಲಿಯಲಾರದು. ಕಲಿಯದ ಮಗು ಮುಂದೆ ತನ್ನ ಶಕ್ತಿಗೆ ತಕ್ಕಂತೆ ದುಡಿಯಲಾರದು. ತಮಿಳುನಾಡಿನಲ್ಲಿ ಮುಖ್ಯಮಂತ್ರಿಯಾಗಿದ್ದ ಕಾಂಗ್ರೆಸ್ಸಿನ ಕೆ. ಕಾಮರಾಜರು 1950ರ ದಶಕದಲ್ಲಿಯೇ ಶಾಲೆಗಳಲ್ಲಿ ಮಧ್ಯಾಹ್ನದ ಊಟವನ್ನು ಆರಂಭಿಸಿದರು. 1982ರಲ್ಲಿ ಅಣ್ಣಾ ಡಿ.ಎಂ.ಕೆ. ಪಕ್ಷದ ಎಂ. ಜಿ. ರಾಮಚಂದ್ರನ್ ಅದನ್ನು ಬಹು ದೊಡ್ಡದಾಗಿ ವಿಸ್ತರಿಸಿದರು. 1989ರಲ್ಲಿ ಅಧಿಕಾರಕ್ಕೆ ಬಂದ ಡಿ.ಎಂ.ಕೆ. ಸರಕಾರವು ಆ ಊಟಕ್ಕೆ ಮೊಟ್ಟೆಯನ್ನು ಸೇರಿಸಿತು. ಈ ಮೂರು ಪಕ್ಷಗಳೂ ಚುನಾವಣೆಯ ಕಣದಲ್ಲಿ ಕಡು ಎದುರಾಳಿಗಳಾಗಿದ್ದುವು. ಆದರೂ ಹಿಂದಿನವರದೆಂಬ ಕಾರಣಕ್ಕಾಗಿ ಮಕ್ಕಳ ತಟ್ಟೆಯನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಅದಕ್ಕೆ ಇನ್ನೊಂದು ತುತ್ತನ್ನು ಸೇರಿಸುವುದರಲ್ಲಿ ಪೈಪೋಟಿ ನಡೆಸಿದರು. ಸಿದ್ಧಪಡಿಸಿದ ಊಟವನ್ನೇ ಶಾಲೆಗಳಲ್ಲಿ ಕೊಡಬೇಕೆಂದು 2001ರಲ್ಲಿ ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳಿಗೂ ಆದೇಶಿಸಿತು. ಕರ್ನಾಟಕದಲ್ಲಿ 2002ರಲ್ಲಿ ಅಕ್ಷರ ದಾಸೋಹವು ಆರಂಭವಾಯಿತು. ಅಂದಿನಿಂದ ಬೇರೆ ಬೇರೆ ಪಕ್ಷಗಳ ಸರಕಾರಗಳು ಬಂದುವು, ಹೋದುವು. ಶಾಲೆಯ ಅಡುಗೆಮನೆಯ ಒಲೆ ಆರಲಿಲ್ಲ.

ಪಕ್ಷಗಳಿಂದ ಆರ್ಥಿಕ ಪ್ರಗತಿಗೆ ಅಡ್ಡಿಯಾಗುವುದೂ ಉಂಟು. ಐದು ವರ್ಷಗಳಿಗೊಮ್ಮೆ ಚುನಾವಣೆಯನ್ನು ಎದುರಿಸಬೇಕಾದ ಪಕ್ಷಕ್ಕೆ, ಹದಿನೈದು ವರ್ಷಗಳ ಅನಂತರ ಫಲ ಕೊಡುವ ಕೆಲಸಕ್ಕಿಂತ ಮುಂದಿನ ತಿಂಗಳು ಕಣ್ಣಿಗೆ ಕಾಣುವ ಕೆಲಸವೇ ಹೆಚ್ಚು ಪ್ರಿಯವಾಗಬಹುದು. ಕೆರೆಯ ಹೂಳೆತ್ತುವುದಕ್ಕಿಂತ ಹೊಸ ಕಟ್ಟಡದ ಶಂಕುಸ್ಥಾಪನೆ ಸುಲಭ. ಬೊಕ್ಕಸದ ಬಲವನ್ನು ನೋಡದೆ ಭರವಸೆಗಳನ್ನು ಕೊಡುವ ಚಪಲವೂ ಇದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಮನೆಗೆ ಹೇಗೋ ಸರಕಾರಕ್ಕೂ ಹಾಗೆಯೇ. ಇದನ್ನು ಮನಗಂಡು ಕರ್ನಾಟಕವು 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯಿದೆಯನ್ನು ಮಾಡಿತು. ಯಾವ ಪಕ್ಷ ಬಂದರೂ ಸಾಲ ಮತ್ತು ಕೊರತೆಗಳಿಗೆ ಮಿತಿಯಿರಬೇಕೆಂದು ಇಂತಹ ಕಾಯಿದೆಯನ್ನು ತಂದ ರಾಜ್ಯಗಳಲ್ಲಿ ಕರ್ನಾಟಕವೇ ಮೊದಲನೆಯದು.

ಪಕ್ಷಗಳ ಖರ್ಚಿಗೆ ಹಣ ಎಲ್ಲಿಂದ ಬರುತ್ತದೆ ಎಂಬುದೂ ಮುಖ್ಯವಾದ ಪ್ರಶ್ನೆ. ದೊಡ್ಡ ದೇಣಿಗೆ ಕೊಟ್ಟವನು ಮುಂದೆ ತನಗೆ ಅನುಕೂಲವಾದ ನಿಯಮವನ್ನು ಬಯಸಿದರೆ ಆಶ್ಚರ್ಯವಿಲ್ಲ. ಕೊಟ್ಟವರ ಹೆಸರು ಜನರಿಗೆ ತಿಳಿಯದಂತೆ ದೇಣಿಗೆ ಪಡೆಯಲು ಅವಕಾಶವಿದ್ದ ಚುನಾವಣಾ ಬಾಂಡುಗಳ ಯೋಜನೆಯನ್ನು 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ರದ್ದುಪಡಿಸಿತು. ಪಕ್ಷಗಳಿಗೆ ಹಣ ಯಾರಿಂದ ಬರುತ್ತದೆ ಎಂಬುದನ್ನು ತಿಳಿಯುವುದು ಮತದಾರನ ಹಕ್ಕು ಎಂಬುದು ಆ ತೀರ್ಪಿನ ತಿರುಳು.

ಹೀಗೆ ದೋಷಗಳಿರುವುದಾದರೆ ಪಕ್ಷಗಳೇ ಇಲ್ಲದ ಆಡಳಿತ ಮೇಲಲ್ಲವೇ ಎಂದು ಕೆಲವರು ಕೇಳುತ್ತಾರೆ. 1975ರ ಜೂನ್ ತಿಂಗಳಿನಿಂದ 1977ರ ಮಾರ್ಚ್ ತಿಂಗಳವರೆಗೆ ದೇಶದಲ್ಲಿ ತುರ್ತು ಪರಿಸ್ಥಿತಿ ಇದ್ದಿತು. ವಿರೋಧ ಪಕ್ಷಗಳ ನಾಯಕರು ಸೆರೆಮನೆಯಲ್ಲಿದ್ದರು. ಪತ್ರಿಕೆಗಳ ಮೇಲೆ ನಿರ್ಬಂಧವಿದ್ದಿತು. ಆಗ ಬಲವಂತದ ಸಂತಾನಶಕ್ತಿಹರಣ, ಕೊಳೆಗೇರಿಗಳ ತೆರವು ಮುಂತಾದ ಕ್ರಮಗಳಿಂದ ನೊಂದವರ ಕೂಗು ಆಳುವವರ ಕಿವಿಗೆ ಬೀಳಲಿಲ್ಲ. ಮುಂದಿನ ಚುನಾವಣೆಯಲ್ಲಿ ಮತದಾರರು ಸರಕಾರವನ್ನೇ ಬದಲಾಯಿಸಿದರು. ತಪ್ಪನ್ನು ತಪ್ಪೆಂದು ಹೇಳುವವರಿಲ್ಲದಾಗ ಒಳ್ಳೆಯ ಉದ್ದೇಶದ ಯೋಜನೆಯೂ ಪೀಡೆಯಾಗಬಲ್ಲದು. ವಿರೋಧ ಪಕ್ಷವು ಪ್ರಗತಿಗೆ ಕಂಟಕವಲ್ಲ. ಅದು ಪ್ರಗತಿಯ ಕಾವಲುಗಾರ.

ಇದುವರೆಗಿನ ನಿದರ್ಶನಗಳಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಯಾವ ಪಕ್ಷವೂ ಒಂಟಿಯಾಗಿ ನಾಡನ್ನು ಕಟ್ಟಿಲ್ಲ. ಒಂದು ಪಕ್ಷ ಪ್ರಶ್ನೆಯನ್ನು ಎತ್ತಿತು. ಇನ್ನೊಂದು ಅದನ್ನು ಕಾಯಿದೆಯಾಗಿಸಿತು. ಮತ್ತೊಂದು ಅದರ ಕೊರತೆಯನ್ನು ತೋರಿಸಿತು. ಪಕ್ಷದ ನಿಜವಾದ ಕೊಡುಗೆಯನ್ನು ಅದು ಅಧಿಕಾರದಲ್ಲಿದ್ದಾಗ ಮಾಡಿದ ಪ್ರಚಾರದಿಂದ ಅಳೆಯಲಾಗದು. ಅದು ಅಧಿಕಾರದಿಂದ ಇಳಿದ ಮೇಲೂ ಜನರ ಬದುಕಿನಲ್ಲಿ ಉಳಿದ ಕೆಲಸದಿಂದ, ಎದುರಾಳಿಯೂ ಒಪ್ಪಿ ಮುಂದುವರಿಸಿದ ಕೆಲಸದಿಂದ ಅಳೆಯಬೇಕು.

ಈ ಅಳತೆಯನ್ನು ಮಾಡಬೇಕಾದವನು ಮತದಾರ. 1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಇಂದು ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವವರು ಕೆಲವೇ ವರ್ಷಗಳಲ್ಲಿ ಮತಗಟ್ಟೆಯ ಸಾಲಿನಲ್ಲಿ ನಿಲ್ಲುತ್ತಾರೆ. ಜಾತಿಯನ್ನೋ ಉಡುಗೊರೆಯನ್ನೋ ನೋಡಿ ಮತ ನೀಡಿದರೆ ಪಕ್ಷಗಳು ಜಾತಿಯನ್ನೂ ಉಡುಗೊರೆಯನ್ನೂ ಬೆಳೆಸುತ್ತವೆ. ಶಾಲೆ, ನೀರು, ಉದ್ಯೋಗ, ಪ್ರಾಮಾಣಿಕ ಲೆಕ್ಕ ಇವುಗಳನ್ನು ಕೇಳಿದರೆ ಅವುಗಳನ್ನು ಕೊಡುವುದರಲ್ಲಿಯೇ ಪೈಪೋಟಿ ನಡೆಸಬ��ಕಾಗುತ್ತದೆ. ಕಾಗೋಡಿನ ಗೇಣಿದಾರರಲ್ಲಿ ಶಾಲೆಯ ಓದು ಬಲ್ಲವರು ವಿರಳ. ಆದರೆ ತಮ್ಮ ಭತ್ತವನ್ನು ಅಳೆಯುವ ಕೊಳಗ ಸರಿಯಾಗಿದೆಯೇ ಎಂದು ಅವರು ಕೇಳಿದರು. ಆ ಒಂದು ಪ್ರಶ್ನೆಯಿಂದ ನಾಡಿನ ಕಾಯಿದೆಯೇ ಬದಲಾಗುವ ದಾರಿ ತೆರೆಯಿತು.

ಅಭ್ಯಾಸ

1. ರಾಜಕೀಯ ಪಕ್ಷಗಳ ಮುಖ್ಯ ಕೆಲಸಗಳು ಯಾವುವು?
2. ಕಾಗೋಡಿನ ಗೇಣಿದಾರರ ದೂರು ಏನಾಗಿತ್ತು? ಅದು ನಾಡಿನ ಪ್ರಶ್ನೆಯಾಗಿ ಬೆಳೆದುದು ಹೇಗೆ?
3. ನೆಲದ ಒಡೆತನ ದೊರೆತ ರೈತನ ಬೇಸಾಯದಲ್ಲಿ ಯಾವ ಬದಲಾವಣೆಗಳು ಸಾಧ್ಯವಾಗುತ್ತವೆ?
4. 1974ರ ಭೂಸುಧಾರಣೆಯ ಮಿತಿಗಳನ್ನು ವಿವರಿಸಿ.
5. "ವಿರೋಧ ಪಕ್ಷವು ಪ್ರಗತಿಯ ಕಾವಲುಗಾರ." ಈ ಮಾತನ್ನು ಪಾಠದ ನಿದರ್ಶನಗಳಿಂದ ಸಮರ್ಥಿಸಿ.
6. ನಿಮ್ಮ ಊರಿನಲ್ಲಿ ಬೇರೆ ಬೇರೆ ಪಕ್ಷಗಳ ಸರಕಾರಗಳು ಬದಲಾದರೂ ಮುಂದುವರಿದುಬಂದ ಒಂದು ಕಾರ್ಯಕ್ರಮವನ್ನು ಕುರಿತು ಹಿರಿಯರಿಂದ ಕೇಳಿ ಹತ್ತು ವಾಕ್ಯಗಳಲ್ಲಿ ಬರೆಯಿರಿ.